ಅತ್ತೆಯ ಕಪಾಟು, ಅಗ್ಗದ ಪ್ಲಗ್ಗು

ಸ್ಕ್ರೂ ಬಿಗಿಯಾಗಿ ಕೂರಲೆಂದು ಗೋಡೆಯ ತೂತಿಗೆ ತುರುಕುತ್ತಾರಲ್ಲ, ಆ ಬೆರಳುದ್ದದ ಪ್ಲಾಸ್ಟಿಕ್ ಪ್ಲಗ್ಗೇ ರೈನ್‌ಹೋಲ್ಡನ ಪ್ರಾಣ ಹಿಂಡಿದ್ದು. ಅತ್ತೆ ಹೆಡ್ವಿಗ್ ಉಡುಗೊರೆ ಕೊಟ್ಟ, ಪಿಂಗಾಣಿ ಪಾತ್ರೆ ಇಡುವ ಗೋಡೆ ಕಪಾಟು ಎರಡು ವರ್ಷದಿಂದ ಅಡುಗೆಮನೆಯ ನೆಲದಲ್ಲೇ ಬಿದ್ದಿತ್ತು. ಇವತ್ತು ಶನಿವಾರ, ಸಂಜೆ ನಾಲ್ಕಕ್ಕೆ ಅತ್ತೆ ಕಾಫಿಗೆ ಬರುವವಳಿದ್ದಳು.

"ಅಷ್ಟೊತ್ತಿಗೆ ಅದು ಗೋಡೆ ಮೇಲಿರ್ಬೇಕು ಕಣ್ರೀ," ಎಂದಳು ಹೆಂಡತಿ ಇರ್ಮಾ. "ಇಲ್ಲಾಂದ್ರೆ ಅಮ್ಮ ಗುಂಟ್ರಾಮ್‌ನ ಕರೆಸ್ತಾಳೆ. ಆಮೇಲೆ ಮುಖ ಊದಿಸ್ಕೊಂಡು ಕೂರ್ಬೇಡಿ."

ಗುಂಟ್ರಾಮ್ ಅಂದರೆ ಷಡ್ಡಕ. ತನ್ನ ಮನೆಯನ್ನು ತಾನೇ ಕಟ್ಟಿದವನು, ಅದನ್ನು ಪ್ರತಿ ಕ್ರಿಸ್‌ಮಸ್ಸಿಗೂ ಹೇಳುವವನು. ಅವನು ಬಂದು ಕಪಾಟು ಹಾಕುವುದಕ್ಕಿಂತ ಅದು ತನ್ನ ತಲೆ ಮೇಲೆ ಬೀಳುವುದೇ ವಾಸಿ ಎಂದುಕೊಂಡ ರೈನ್‌ಹೋಲ್ಡ್.

ಡ್ರಿಲ್ಲು ಸದ್ದು ಮಾಡಿದ್ದೇ ತಡ, ಮೇಲಿನ ಮನೆಯ ಫ್ಲೈಡರರ್ ಚಪ್ಪಲಿ ಎಳೆದುಕೊಂಡು ಇಳಿದು ಬಂದರು. ತೂತಿನಿಂದ ರಸ್ಕಿನ ಪುಡಿಯ ಹಾಗೆ ಗೋಡೆ ಉದುರುತ್ತಿತ್ತು. ಹಾಕಿದ ಪ್ಲಗ್ಗು ಸ್ಕ್ರೂ ಜೊತೆ ತಾನೂ ತಿರುಗುತ್ತಿತ್ತು.

"ಯುದ್ಧ ಆದ್ಮೇಲೆ ಒಂದು ದೊಡ್ಡ ಮನೇನ ಎರಡು ಮಾಡೋಕೆ ಎಬ್ಬಿಸಿದ ತೆಳು ಗೋಡೆ ಇದು," ಎಂದರು ಫ್ಲೈಡರರ್. "ಅಗ್ಗದ್ದು ಹಿಡಿಯಲ್ಲ. ಒಳ್ಳೇ ಪ್ಲಗ್ ತನ್ರಿ."

ಅಂಗಡಿಯಲ್ಲಿ ಒಳ್ಳೆಯ ಪ್ಲಗ್ಗಿನ ಬೆಲೆ ನೋಡಿ ರೈನ್‌ಹೋಲ್ಡನ ಜಿಪುಣತನಕ್ಕೆ ಹೆಸರಾದ ಸ್ವಾಬಿಯನ್ ಸೀಮೆಯ ಹೃದಯ ಒಂದು ಬಡಿತ ತಪ್ಪಿಸಿತು. ಮತ್ತೆ ಅದೇ ಅಗ್ಗದ್ದನ್ನು ಹಿಡಿದು, ಸಮಾಧಾನಕ್ಕೆಂದು ಬೋಲ್ಟಿನಂಥ ಉದ್ದನೆಯ ನಾಲ್ಕು ಸ್ಕ್ರೂ ಕೊಂಡು ಬಂದ.

"ಸ್ಕ್ರೂ ಉದ್ದ ಇದ್ರೆ ಆಯ್ತೇನ್ರೀ? ಹಿಡ್ಕೊಳ್ಳೋದು ಪ್ಲಗ್ಗು!" ಫ್ಲೈಡರರ್ ಹಣೆ ಚಚ್ಚಿಕೊಂಡರು.

ಕಪಾಟೇನೋ ಗೋಡೆ ಹತ್ತಿತು. ಆದರೆ ಮುಟ್ಟಿದರೆ ಮುದುಕನ ಹಲ್ಲಿನಂತೆ ಅಲ್ಲಾಡಿತು. ಮತ್ತೆ ಡ್ರಿಲ್ಲಿಗೆ ಕೈ ಹಾಕುವಷ್ಟರಲ್ಲಿ ಚರ್ಚಿನ ಗಂಟೆ ಒಂದು ಹೊಡೆಯಿತು.

"ಮಧ್ಯಾಹ್ನದ ವಿಶ್ರಾಂತಿ! ಕಟ್ಟಡದ ನಿಯಮ, ಮೂರರವರೆಗೆ ಸದ್ದು ಮಾಡೋ ಹಾಗಿಲ್ಲ," ಎಂದು ಅದುವರೆಗೂ ಮೈಕಿನಂತೆ ಕಿರುಚುತ್ತಿದ್ದ ಫ್ಲೈಡರರ್ ಬೆರಳೆತ್ತಿ ಪಿಸುಗುಟ್ಟಿದರು.

ರೈನ್‌ಹೋಲ್ಡ್ ಸೋಫಾದ ಮೇಲೆ ಬಿದ್ದುಕೊಂಡ. ಅವನಿಗೆ ಪ್ಲಗ್ಗು, ಗೋಡೆ, ಸಂಸಾರ, ಎಲ್ಲವೂ ಸಾಕಾಗಿತ್ತು.

ಮೂರಕ್ಕೆ ಎದ್ದು ಕಪಾಟನ್ನು ಮುಟ್ಟಿದ. ಅಲುಗಲಿಲ್ಲ. ಎಳೆದ. ಅಲುಗಲಿಲ್ಲ. ಎರಡೂ ಕೈಯಿಂದ ಜೋತುಬಿದ್ದ. ಬಂಡೆ! ಗೋಡೆಗೂ ಎರಡು ಗಂಟೆ ವಿಶ್ರಾಂತಿ ಬೇಕಿತ್ತೇನೋ ಎಂದುಕೊಂಡು ಡ್ರಿಲ್ಲನ್ನು ಒಳಗಿಟ್ಟ.

ಅತ್ತೆ ಬಂದಳು. ಕಪಾಟನ್ನು ಗುದ್ದಿ ನೋಡಿದಳು. ತಟ್ಟೆ, ಬಟ್ಟಲು, ಸೂಪಿನ ದೊಡ್ಡ ಪಾತ್ರೆ ಎಲ್ಲವನ್ನೂ ತಾನೇ ಜೋಡಿಸಿದಳು.

"ಪರವಾಗಿಲ್ವೋ! ಇಷ್ಟು ಗಟ್ಟಿಯಾಗಿ ಗುಂಟ್ರಾಮ್‌ನೂ ಹಾಕಿಲ್ಲ."

ರೈನ್‌ಹೋಲ್ಡನಿಗೆ ಕಣ್ಣು ತುಂಬಿ ಬಂತು. ಮದುವೆಯಾದ ಮೇಲೆ ಅತ್ತೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಆಗ ಬಾಗಿಲ ಗಂಟೆ ಸದ್ದಾಯಿತು. ಗೋಡೆಯಾಚೆಯ ಮನೆಯ ಕಿಮ್ಮಿಷ್ ಅಮ್ಮ ನಗುತ್ತ ನಿಂತಿದ್ದರು.

"ನಿಮ್ಮ ಸ್ಕ್ರೂ ನಾಲ್ಕೂ ನಮ್ಮ ಕಡೆ ಮೂತಿ ಹೊರಗೆ ಹಾಕಿದ್ವು ಕಣ್ರೀ. ನಾನು ಮನೆ ಬಿಡ್ತಿದೀನಲ್ಲ, ಮೂರೂವರೆಗೆ ಹೊಸ ಬಾಡಿಗೆಯವರು ನೋಡೋಕೆ ಬರೋರಿದ್ರು. ವಿಶ್ರಾಂತಿ ಹೊತ್ತು, ಗರಗಸ ಆಡಿಸಿ ಕತ್ತರಿಸೋ ಹಾಗಿಲ್ಲ. ಅದಕ್ಕೇ ಸದ್ದಿಲ್ದೆ ನಮ್ಮಜ್ಜಿ ಕಾಲದ ಹಲಗೆ ಅಡ್ಡ ಇಟ್ಟು, ನಟ್ಟು ಹಾಕಿ ಬಿಗಿದು ಮುಚ್ಚಿಬಿಟ್ಟೆ."

"ಮುಚ್ಚಿ... ಈಗ?"

"ಅವರು ಒಪ್ಪಿಕೊಂಡು ಹೋದ್ರು. ಅಜ್ಜಿ ಹಲಗೆ ಬಿಟ್ಟು ಹೋಗೋಕಾಗುತ್ತಾ? ಈಗಷ್ಟೇ ಬಿಚ್ಕೊಂಡೆ. ಸೋಮವಾರ ಬಂದು ಆ ತುದಿಗಳನ್ನ ಕತ್ತರಿಸ್ಕೊಡಿ, ಸಾಕು."

ರೈನ್‌ಹೋಲ್ಡ್ ಅಡುಗೆಮನೆಗೆ ಹಾರಿದ. ವಾಲುತ್ತಿದ್ದ ಕಪಾಟನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದ.

"ನೋಡೇ ಇರ್ಮಾ, ಎಷ್ಟು ಹೆಮ್ಮೆ ಅವನಿಗೆ! ತಬ್ಕೊಂಡೇ ಬಿಟ್ಟಿದಾನೆ," ಎಂದಳು ಅತ್ತೆ.

"ಕಾಫಿ ಆರ್ತಿದೆ, ಬನ್ರೀ," ಎಂದಳು ಇರ್ಮಾ.

"ಇಲ್ಲೇ ಕೊಡು."

"ಎಷ್ಟೊತ್ತು ಹಾಗೇ ನಿಂತಿರ್ತೀರಿ?"

ಐದು ಗಂಟೆಯಾಗಿತ್ತು. ಶನಿವಾರ ಐದರ ಮೇಲೆ ಸದ್ದು ಮಾಡಬಾರದೆಂಬುದೂ ಕಟ್ಟಡದ ನಿಯಮವೇ, ಇನ್ನು ಡ್ರಿಲ್ ಮುಟ್ಟುವಂತಿಲ್ಲ. ನಾಳೆ ಭಾನುವಾರ, ಅಂಗಡಿಯೂ ಇಲ್ಲ, ಸದ್ದೂ ಇಲ್ಲ.

"ಸೋಮವಾರದವರೆಗೆ," ಎಂದ ರೈನ್‌ಹೋಲ್ಡ್.