ಸಾಹೇಬನ ಉಪವಾಸ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವರನ್ನು ಮನೆಗೆ ಸೇರಿಸಿಕೊಳ್ಳುವ ಮುನ್ನ ಜನ ಎರಡು ಸಲ ಯೋಚಿಸಬೇಕು. ನಾನೂ ಅಂಥವಳೇ ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಯಾರಾದರೂ "ಗಂಡಸರು ಹೀಗೆ, ಹೆಂಗಸರು ಹಾಗೆ" ಎಂದರೆ, ಪುರಾವೆ ಎಲ್ಲಿ ಎಂದು ಕೇಳದೆ ನಮಗೆ ಉಂಡ ಅನ್ನ ಅರಗುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಗಂಡಸರ ಪಂಕ್ತಿ ಮೊದಲು, ಹೆಂಗಸರದು ಆಮೇಲೆ. ಇದರ ತರ್ಕವೇನೆಂದು ಹನ್ನೆರಡನೇ ವಯಸ್ಸಿನಲ್ಲೇ ಅಜ್ಜಿಯನ್ನು ಕೇಳಿದ್ದೆ. "ತರ್ಕ ಆಮೇಲೆ ಮಾಡುವೆಯಂತೆ, ಮೊದ್ಲು ಹಪ್ಪಳ ಬಡಿಸೇ" ಎಂದಿದ್ದರು. ಆ ಚರ್ಚೆಯಲ್ಲಿ ಸೋತೆನೆಂದು ನಾನು ಇಂದಿಗೂ ಒಪ್ಪಿಲ್ಲ.

ಹೀಗಿರುವಾಗ, ಈಗ ನಾನಿರುವ ಮಲೇಷ್ಯಾದ ಸೈಬರ್‌ಜಯಾದ ಫ್ಲಾಟಿನಲ್ಲಿ ನನ್ನ ಜೊತೆಗಿರುವ ಉಡುಪಿಯ ದೀಪಾ, ತನ್ನ ಅಕ್ಕನ ಬಾಣಂತನಕ್ಕೆಂದು ಆರು ವಾರ ಊರಿಗೆ ಹೊರಟಳು. ಅವಳ ಎರಡು ಹಾವುಗಳು ನನ್ನ ಪಾಲಿಗೆ ಬಂದವು. ವಿಷವಿಲ್ಲದ ಪುಟ್ಟ ಹೆಬ್ಬಾವುಗಳು. ಸಾಕುವ ಲೈಸೆನ್ಸು ಫ್ರಿಜ್ಜಿನ ಬಾಗಿಲ ಮೇಲೆ. ಅವುಗಳ ಊಟವಾದ ಸತ್ತ ಇಲಿಗಳು ಫ್ರೀಜರಿನೊಳಗೆ, ನನ್ನ ತೆಂಗಿನತುರಿಯ ಡಬ್ಬಿಯ ಪಕ್ಕದಲ್ಲಿ. ಹೆಣ್ಣಿನ ಹೆಸರು ಕಮಲಿ, ಗಂಡು ಸಾಹೇಬ. ದೀಪಾ ಚೀಟಿ ಬರೆದಿಟ್ಟಳು: "ಶನಿವಾರ ಕಮಲಿಗೊಂದು ಇಲಿ. ಸಾಹೇಬನಿಗೂ ತೋರಿಸು, ತಿನ್ನದಿದ್ದರೆ ಬಿಟ್ಟುಬಿಡು. ಹೆಣ್ಣು ಹುಡುಕುವ ಕಾಲದಲ್ಲಿ ಗಂಡುಗಳು ಹೀಗೇ."

"ನೀನು ಎಷ್ಟು ಗಂಡು ಹಾವು ಸಾಕಿದೀಯ?" ಎಂದೆ.

"ಒಂದು."

"ಒಂದನ್ನ ನೋಡಿ ಇಡೀ ಕುಲಕ್ಕೆ ನಿಯಮ ಮಾಡ್ತೀಯಾ?"

"ಎಂತ ಮಾರಾಯ್ತಿ, ಫ್ಲೈಟಿಗೆ ಹೊತ್ತಾಯ್ತು. ಎರಡನ್ನೂ ಜೀವಸಹಿತ ವಾಪಸ್ ಕೊಡು, ಆಮೇಲೆ ನೀನೇ ಗೆದ್ದದ್ದು."

ಮೊದಲ ಶನಿವಾರ ನಾನು ಗಾಜಿನ ಪೆಟ್ಟಿಗೆಯ ಮುಚ್ಚಳ ಹಾಕುವಷ್ಟರಲ್ಲಿ ಕಮಲಿ ಇಲಿಯನ್ನು ಮುಗಿಸಿದ್ದಳು. ಸಾಹೇಬ ಮಾತ್ರ, ಗಂಡಿನ ಕಡೆಯವರು ಬೀಗರ ಮನೆಯ ಉಪ್ಪಿಟ್ಟನ್ನು ನೋಡುವಂತೆ ನೋಡಿ ತಲೆ ತಿರುಗಿಸಿದ. ಎರಡನೆಯ ಶನಿವಾರವೂ ಅದೇ, ಮೂರನೆಯದೂ ಅದೇ. ಗಾಬರಿಯಾಗಿ, ದೀಪಾ ಇಲಿ ಕೊಳ್ಳುವ, ಹತ್ತಿರದ ಕ್ಲಾಂಗ್ ಊರಿನ ಅಂಗಡಿಗೆ ಹೋದೆ. ಅಂಗಡಿಯ ಸೆಲ್ವಂ ಅಂಕಲ್ ತಮಗೆ ಬರುವ ತಮಿಳು, ನನಗೆ ಬರುವ ಇಂಗ್ಲಿಷ್ ಬೆರೆಸಿ, ಇಲ್ಲಿಯವರ ರೂಢಿಯಂತೆ ಒಂದು 'ಲಾ' ಸೇರಿಸಿ, "ಗಂಡು ಅಲ್ವಾ ಮಾ? ಹಂಗೇ ಲಾ. ತಿಂಗಳುಗಟ್ಟಲೆ ತಿನ್ನದೆ ಇರುತ್ತೆ. ನಲವತ್ತು ವರ್ಷದಿಂದ ನೋಡ್ತಿದೀನಿ" ಎಂದರು.

"ಎಲ್ಲಾ ಬರೆದಿಟ್ಟಿದೀರಾ ಅಂಕಲ್?"

ಅವರು ನನ್ನನ್ನು, ಸಾಹೇಬ ಇಲಿಯನ್ನು ನೋಡಿದಂತೆಯೇ ನೋಡಿದರು.

ಪುರಾವೆಯನ್ನು ನಾನೇ ಹುಡುಕಬೇಕಾಯಿತು. ಗಂಡುತನ ಬಿಟ್ಟು ಬೇರೆ ಕಾರಣಗಳಿರಬಾರದೇಕೆ? ಕೋಣೆಯಲ್ಲಿದ್ದ ಸಾಹೇಬನ ಪೆಟ್ಟಿಗೆಯನ್ನು ನಡುಮನೆಗೆ ತಂದೆ. ಅದರ ಹೀಟರಿನ ಶಾಖ ಹೆಚ್ಚಿಸಿದೆ. ಇಲಿಯನ್ನು ನನ್ನ ಹೇರ್ ಡ್ರೈಯರಿನಿಂದಲೇ ಬೆಚ್ಚಗೆ ಮಾಡಿದೆ. ಅಂದಿನಿಂದ ತಲೆಗೂದಲನ್ನು ಫ್ಯಾನಿಗೆ ಒಡ್ಡುತ್ತಿದ್ದೇನೆ. ಗಂಡಿಗೊಂದು ಉಪಚಾರ, ಹೆಣ್ಣಿಗೊಂದು ಉಪಚಾರ ಎನ್ನುವವಳು ನಾನಲ್ಲವಲ್ಲ! ಕಮಲಿಯ ಪೆಟ್ಟಿಗೆಗೂ ಇದನ್ನೆಲ್ಲ ಮಾಡಿದೆ.

ನಾಲ್ಕನೆಯ ಶನಿವಾರ ಸಾಹೇಬ ತಿನ್ನಲಿಲ್ಲ. ಕಮಲಿಯೂ ತಿನ್ನಲಿಲ್ಲ. ಐದನೆಯ ಶನಿವಾರವೂ ಹಾಗೆಯೇ. ಊಟದ ವಿಷಯದಲ್ಲಿ ಗಂಡು ಹೆಣ್ಣಿನ ನಡುವೆ ವ್ಯತ್ಯಾಸವಿಲ್ಲ ಎಂಬ ನನ್ನ ವಾದ ನೂರಕ್ಕೆ ನೂರು ಗೆದ್ದಿತ್ತು. ಆದರೆ ಯಾವ ಕಪ್ ಗೆದ್ದಾಗಲೂ ಹೀಗೆ ನಡುರಾತ್ರಿ ಎದ್ದೆದ್ದು ಹಾವಿನ ಪೆಟ್ಟಿಗೆಗೆ ಇಣುಕಿದ್ದಿಲ್ಲ. ಮಾಡಿಟ್ಟ ಅನ್ನ ಹಾಗೇ ಉಳಿಯತೊಡಗಿತು. ಕೊನೆಗೆ ಮಾನ ಬಿಟ್ಟು ದೀಪಾಳಿಗೆ ಫೋನ್ ಮಾಡಿದೆ.

"ಜಾಗ ಬದಲಿಸಿದ್ಯಾ? ಹೊಸ ಜಾಗದಲ್ಲಿ ಅವು ಹೆದರ್ತವೆ ಮಾರಾಯ್ತಿ! ಎಲ್ಲ ಮೊದಲು ಇದ್ದ ಹಾಗೆ ಇಡು. ಶನಿವಾರದವರೆಗೆ ಆ ಕಡೆ ತಲೆ ಹಾಕಬೇಡ. ಮುಖ್ಯ, ಅವುಗಳ ಹತ್ತಿರ ಮಾತಾಡಬೇಡ."

ಆರನೆಯ ಶನಿವಾರ ಕಮಲಿ ಒಂದೇ ಉಸಿರಿಗೆ ತಿಂದಳು. ಸಾಹೇಬ ಉಪವಾಸವನ್ನು ಮುಂದುವರಿಸಿದ.

ಮರುದಿನ ಬಂದ ದೀಪಾ ಚೀಲವನ್ನೂ ಬಿಚ್ಚದೆ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿದಳು. ಕಮಲಿ ಇದ್ದಷ್ಟೇ ಇದ್ದಳು. ಅಷ್ಟು ವಾರ ಉಪವಾಸವಿದ್ದ ಸಾಹೇಬನೂ ಹೇಳಿಕೊಳ್ಳುವಷ್ಟೇನೂ ಇಳಿದಿರಲಿಲ್ಲ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಹಾವು ಎರಡೂ ಸರಿ ಉಂಟು. ನೀನು ಎಂತಕ್ಕೆ ಹೀಗೆ ಸೊರಗಿದ್ದು?" ಎನ್ನುತ್ತ, ಬರುವ ದಾರಿಯ ಮಾಮಕ್ ಹೋಟೆಲಿನಿಂದ ತಪಾವ್, ಎಂದರೆ ಪಾರ್ಸೆಲ್, ಕಟ್ಟಿಸಿ ತಂದಿದ್ದ ರೊಟಿ ಚನಾಯ್ ಎಂಬ ಇಲ್ಲಿನ ಪರೋಟದ ಪೊಟ್ಟಣ ಬಿಚ್ಚಿ ನನ್ನ ಮುಂದೆ ತಳ್ಳಿದಳು. "ಗೊತ್ತುಂಟು ಬಿಡು, ಚಿಂತೆ ಹಚ್ಚಿಕೊಂಡ್ರೆ ಹೆಣ್ಣುಗಳು ಹೀಗೇ."

ಈ ಮಾತಿಗೆ ನನ್ನ ಬಳಿ ಮೂರು ಆಕ್ಷೇಪಗಳಿದ್ದವು. ಬಾಯಿತುಂಬ ರೊಟಿ ಇತ್ತು.