ಹುಕ್ಕೇರಿಯಲ್ಲಿ ಹೇಳಿದ ಇಂಗ್ಲಿಷ್ ಒಡಪು

ಕಣ್ಣಿಗೆ ಬಿದ್ದ ತಪ್ಪನ್ನು ತೋರಿಸಿದರೆ ಈ ಜನಕ್ಕೆ ಯಾಕಿಷ್ಟು ಸಿಟ್ಟು, ನೀವೇ ಹೇಳಿ! ಕೊಣ್ಣೂರಿನ ಬೀಗರು ಮಗನ ಮದುವೆಯ ಕಾರ್ಡು ಕೊಡಲು ಬಂದಿದ್ದರು. ಕಾರ್ಡಿನ ಇಂಗ್ಲಿಷಿನಲ್ಲಿ ತಪ್ಪುಗಳು ಇರುವೆ ಸಾಲಿನಂತೆ ಹೊರಟಿದ್ದವು. ನಾನು ಪ್ರೀತಿಯಿಂದಲೇ ಕೆಂಪು ಪೆನ್ನು ತೆಗೆದು ಎಲ್ಲವನ್ನೂ ತಿದ್ದಿ, ಕೆಳಗೆ ಸಹಿ ಮಾಡಿ, ಅವರ ಕೈಗೇ ವಾಪಸು ಕೊಟ್ಟೆ. ಬೀಗರು ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು. (ಕಾರ್ಡನ್ನೂ ಒಯ್ದರು. ಮದುವೆ ಯಾವ ದಿನ ಆಯಿತೆಂದು ನಮಗೆ ಇವತ್ತಿಗೂ ಗೊತ್ತಿಲ್ಲ.)

ನಾನು ಶಿದ್ರಾಮ. ಮೂಡಲಗಿಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮಾಸ್ತರ, ಮನೆ ಗೋಕಾಕದಲ್ಲಿ. ವಾಕ್ಯದೊಳಗೆ ತಪ್ಪು ಎಲ್ಲೇ ಅಡಗಿರಲಿ, ಅದರ ಜುಟ್ಟು ಹಿಡಿದು ಹೊರಗೆಳೆಯದಿದ್ದರೆ ನನಗೆ ಊಟ ಸೇರುವುದಿಲ್ಲ. ನನ್ನ ಧರ್ಮಪತ್ನಿ ದಾಕ್ಷಾಯಿಣಿ ಈ ಮಹಾವಿದ್ಯೆಯನ್ನು 'ರೋಗ' ಎಂದು ಕರೆಯುತ್ತಾಳೆ. ಆದರೆ ಹೋದ ಬೇಸಿಗೆಯಲ್ಲಿ ಈ ರೋಗವೇ ಔಷಧಿಯಾಗುವ ಯೋಗ ಕೂಡಿ ಬಂತು. ಹುಕ್ಕೇರಿಯಲ್ಲಿ ಹೊಸದಾಗಿ ಶುರುವಾದ ಇಂಗ್ಲಿಷ್ ಮೀಡಿಯಂ ಶಾಲೆಯೊಂದಕ್ಕೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಟೀಚರ್ ಬೇಕಾಗಿದ್ದರು. ದಾಕ್ಷಾಯಿಣಿ ಡಿ.ಎಡ್. ಮುಗಿಸಿದ ವರ್ಷವೇ ನನ್ನ ಮನೆಗೆ ಬಂದವಳು. ಆಮೇಲೆ ಮಕ್ಕಳು, ಮನೆ, ನಾನು ಎಂದು ಅವಳ ಸರ್ಟಿಫಿಕೇಟು ಟ್ರಂಕಿನ ತಳ ಸೇರಿತ್ತು.

"ಈ ನೌಕರಿ ನನಗ ಬೇಕ ಬೇಕ್ರಿ," ಎಂದಳು. "ಹುಡುಗೂರು ದೊಡ್ಡವಾದ್ವು. ಎಷ್ಟ ದಿನಂತ ಬರೇ ಮಾಸ್ತರ ಹೆಂಡತಿ ಅನಿಸ್ಕೋಲಿ? ನನಗೂ ಯಾರರ ಟೀಚರ್ ಅಂತ ಕರೀಬೇಕು."

ಅವಳ ಕಣ್ಣಲ್ಲಿ ನೀರಾಡಿತು. ನಾನೇ ಟ್ರಂಕು ಎಳೆದು ಸರ್ಟಿಫಿಕೇಟಿನ ಧೂಳು ಒರೆಸಿದೆ. ಅದರ ಹಿಂದೆಯೇ, ಕಲಿಸುವ ಗುರು ಯಾರಪ್ಪಾ ಎಂದರೆ ನಾನೇ ಅಲ್ಲವೇ ಎಂಬ ಹೆಮ್ಮೆಯೂ ಉಬ್ಬಿ ಬಂತು.

"ಪರೀಕ್ಷಾದಾಗ ಒಂದಿಷ್ಟು ವಾಕ್ಯ ಕೊಟ್ಟು ತಪ್ಪು ಹುಡುಕ ಅಂತಾರ, ಅಷ್ಟ. ಅದು ನಮ್ಮ ಮನಿತನದ ವಿದ್ಯಾ. ನೀ ಅಂಜಬ್ಯಾಡ!" ಎಂದು ಎದೆ ತಟ್ಟಿಕೊಂಡೆ.

ಅಡುಗೆಮನೆಯೇ ಗುರುಕುಲವಾಯಿತು. ಅವಳು ರೊಟ್ಟಿ ಬಡಿಯಲು ಕೂತರೆ ನಾನು ಹೊಸ್ತಿಲ ಮೇಲೆ ನಿಂತು ತಪ್ಪು ವಾಕ್ಯಗಳ ಬಾಣ ಬಿಡುತ್ತಿದ್ದೆ.

"ಹಿ ಡೋಂಟ್ ನೋ!"

ಟಪ್! "ಡೋಂಟ್ ಅಲ್ರಿ, ಡಸಂಟ್!"

"ಒನ್ ಆಫ್ ಮೈ ಫ್ರೆಂಡ್!"

ಟಪ್! "ಫ್ರೆಂಡ್ಸ್!"

"ಲೆಟ್ ಅಸ್ ಡಿಸ್ಕಸ್ ಅಬೌಟ್ ದಿಸ್!"

ಟಪ್! "ನಡುವ ಅಬೌಟ್ ಯಾಕ ತುರುಕಿದ್ರಿ? ತಗೀರಿ ಅದನ್ನ!"

ತಪ್ಪಿಗೊಂದು ಏಟಿನಂತೆ ನಮ್ಮ ಮನೆಯ ರೊಟ್ಟಿ ಹಪ್ಪಳದಷ್ಟು ತೆಳ್ಳಗಾಯಿತು. ಅವಳಿಗೆ ಸಿಟ್ಟು ಬರಿಸುವ ವಾಕ್ಯ ಬಂದ ದಿನ ನಡುವೆ ತೂತೂ ಬೀಳುತ್ತಿತ್ತು. ದಾಕ್ಷಾಯಿಣಿಯಂತೂ ತಪ್ಪು ಹಿಡಿಯುವುದರಲ್ಲಿ ಗುರುವನ್ನೇ ಮೀರಿಸುವ ಹಾಗೆ ತಯಾರಾದಳು. ಪರೀಕ್ಷೆಯ ದಿನ ಬಂದಾಗ ನನಗಾದ ಸಂಭ್ರಮ ನನ್ನ ಮದುವೆಯ ದಿನವೂ ಆಗಿರಲಿಲ್ಲ. (ಇದನ್ನು ದಯವಿಟ್ಟು ಅವಳಿಗೆ ಹೇಳಬೇಡಿ.)

ಹುಕ್ಕೇರಿಯ ಶಾಲೆಯಲ್ಲಿ ನೋಡಿದರೆ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಆಮ್ರಪಾಲಿ! ಮೂಡಲಗಿಯಲ್ಲಿ ನನ್ನ ಕೈಯಲ್ಲೇ ಕಲಿತ ಹುಡುಗಿ.

"ಸರ್, ನೀವು? ಬರ್ರಿ, ನೀವೂ ಒಳಗ ಕೂಡ್ರಿ," ಎಂದು ಎದ್ದು ನಿಂತವಳು, ದನಿ ತಗ್ಗಿಸಿ, "ಆದ್ರ ನಡುವ ಬಾಯಿ ಹಾಕಬ್ಯಾಡ್ರಿ ಮತ್ತ," ಎಂದಳು. ನನ್ನನ್ನು ಬಲ್ಲ ಶಿಷ್ಯೆ, ಬಲ್ಲವಳಂತೆಯೇ ಹೇಳಿದಳು.

ಪಕ್ಕದಲ್ಲಿ ಶಾಲೆಯ ಅಧ್ಯಕ್ಷೆ ಕಸ್ತೂರಿಯವರು ಇಳಕಲ್ ಸೀರೆ ಉಟ್ಟು ಕೂತಿದ್ದರು. ದಾಕ್ಷಾಯಿಣಿ ಪ್ರಶ್ನೆಪತ್ರಿಕೆ ತೆಗೆದುಕೊಂಡವಳೇ ಚಕಚಕನೆ ತಪ್ಪುಗಳಿಗೆ ಗೆರೆ ಎಳೆದು ಕೊಟ್ಟುಬಿಟ್ಟಳು. ಆಮ್ರಪಾಲಿ ತಿದ್ದಿ ನೋಡಿ ಹುಬ್ಬೇರಿಸಿದಳು. ಎಲ್ಲವೂ ಸರಿ! ನಾನು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಇಲ್ಲವಾದರೆ ಕುಣಿದುಬಿಡುತ್ತಿದ್ದೆ.

"ಈಗ ಒಂದೀಟು ಮಾತಾಡೂದು ನೋಡೂಣ್ರಿ," ಎಂದಳು ಆಮ್ರಪಾಲಿ. "ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?"

ಇಷ್ಟು ಸುಲಭದ ಪ್ರಶ್ನೆಯೇ ಎಂದು ನಾನು ನಕ್ಕೆ. ದಾಕ್ಷಾಯಿಣಿ ನಗಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.

ಆಗ ನನ್ನ ತಲೆಗೆ ಸಿಡಿಲು ಬಡಿಯಿತು. ಈ ಪುಣ್ಯಾತಗಿತ್ತಿ ಮದುವೆಯಾದಾಗಿನಿಂದ ಒಮ್ಮೆಯೂ ನನ್ನ ಹೆಸರನ್ನು ಬರಿಬಾಯಲ್ಲಿ ಹೇಳಿದವಳಲ್ಲ! ಅವಳ ಮೊಬೈಲಿನಲ್ಲಿ ನಾನು 'ಮನಿಯವರು'. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ಆಧಾರ್ ಕಾರ್ಡು ಮುಂದೆ ಹಿಡಿಯುತ್ತಾಳೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದೇನಿದ್ದರೂ ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ. ಅದೂ ಪ್ರಾಸ ಕಟ್ಟಿ, ಹೆಸರನ್ನು ಅದರೊಳಗೆ ಹೆಣೆದು, ಒಡಪು ಹಾಕಿ. ಇಷ್ಟು ವ್ಯಾಕರಣ ಅರೆದು ಕುಡಿಸಿದ ನನಗೆ ಈ ಒಂದು ಪ್ರಶ್ನೆ ಹೊಳೆದಿರಲಿಲ್ಲ. ಕೈಗೆ ಬಂದ ನೌಕರಿ ಬಾಯಿಗೆ ಬಾರದ ಹೆಸರಿನಿಂದ ಹೋಗುವುದರಲ್ಲಿತ್ತು.

"ಯಾಕ್ರಿ, ಹೆಸರು ನೆನಪಾಗವಲ್ತೇನು?" ಎಂದಳು ಆಮ್ರಪಾಲಿ.

"ನೆನಪ ಇರತೈತಿ ತಂಗಿ," ಎಂದು ಕಸ್ತೂರಿಯವರು ಮುಂದೆ ಬಾಗಿದರು. "ಒಡಪಿಲ್ಲದ ಹೆಂಗ ಹೇಳಾಕ ಬರತೈತಿ? ಹಾಕವ್ವಾ, ಇಂಗ್ಲಿಷಿನ್ಯಾಗನ ಒಂದು ಒಡಪು ಹಾಕು! ನಾವೂ ಕೇಳೂಣು."

ದಾಕ್ಷಾಯಿಣಿ ಸೆರಗು ಸರಿಮಾಡಿಕೊಂಡಳು. ನೆಲ ನೋಡುತ್ತ, ಕೆಂಪಗಾಗುತ್ತ, ರಾಗವಾಗಿ ಹೇಳಿಯೇಬಿಟ್ಟಳು:

"ವಾಟರ್ ಇನ್ ಘಟಪ್ರಭಾ, ಕರದಂಟ್ ಇನ್ ಗೋಕಾಕ್,
ಶಿದ್ರಾಮ ಸರ್ ಆರ್ ಮೈ ಹಸ್ಬೆಂಡ್, ಆಲ್ ಡೇ ಓನ್ಲಿ ಟಾಕ್!"

ಗಂಡನಾದವನು ಹಿಗ್ಗಬೇಕಾದ ಗಳಿಗೆ. ಆದರೆ ನನ್ನೊಳಗಿನ ಮಾಸ್ತರ ಗಂಡನನ್ನು ತಳ್ಳಿ ಎದ್ದು ನಿಂತಿದ್ದ.

"ಈಸ್! ಈಸ್!" ಎಂದು ಕೂಗಿದೆ. "ಒಬ್ಬ ಗಂಡಗ ಆರ್ ಬರೂದಿಲ್ಲ! ಮೊದಲನೇ ಸಾಲಿನ್ಯಾಗ ಕ್ರಿಯಾಪದನ ಇಲ್ಲ! ಆಲ್ ಡೇ ಓನ್ಲಿ ಟಾಕ್ ಅಂದ್ರ ಏನು? ವ್ಯಾಕರಣನೂ ತಪ್ಪು, ವಿಷಯಾನೂ ತಪ್ಪು!"

ಕೂಗಿದ ಮೇಲೆ ನನಗೆ ಬುದ್ಧಿ ಬಂತು. ಅವಳ ನೌಕರಿಯನ್ನು ನನ್ನ ಕೈಯಾರೆ ಕೊಂದುಬಿಟ್ಟೆನಲ್ಲ ಎಂದು ಹಣೆ ಬಡಿದುಕೊಂಡೆ. ದಾಕ್ಷಾಯಿಣಿ ಮಾತ್ರ ಅಳುಕಲಿಲ್ಲ. ನನ್ನ ಕಡೆ ತಿರುಗಿದಳು.

"ಮಂದಿ ಮುಂದ ನಿಮಗ ಏಕವಚನ ಹಚ್ಚಲೇನ್ರಿ? ಇಂಗ್ಲಿಷಿಗೆ ಮರ್ಯಾದಿ ಇಲ್ಲಂದ್ರ ನಾನೂ ಬಿಡಬೇಕೇನು?"

ಕಸ್ತೂರಿಯವರು ಟೇಬಲ್ ಗುದ್ದಿ ಗುದ್ದಿ ನಕ್ಕರು. ಆಮ್ರಪಾಲಿ ಕಣ್ಣೀರು ಒರೆಸಿಕೊಂಡಳು.

"ಸರ್, ತಪ್ಪು ಹುಡುಕಾವರು ಈಗಾಗಲೇ ನಾಕ್ ಮಂದಿ ಬಂದು ಹೋದ್ರು. ನಮ್ಮ ಹುಡುಗೂರು ಎಲ್ಲಿ ತಪ್ಪಾದೀತೋ ಅಂತ ಬಾಯಿನ ತೆರಿಯೂದಿಲ್ಲರಿ. ನಾನೂ ನಿಮ್ಮ ಕ್ಲಾಸಿನ್ಯಾಗ ಹಂಗ ಇದ್ದೆ. ಇವರು ನಿಂತ ನಿಲುವಿನ್ಯಾಗ ವಾಕ್ಯ ಹುಟ್ಟಿಸಿ ಹಾಡಿದ್ರು. ಸೂಟಿ ಮುಗದು ಸಾಲಿ ಸುರು ಆದ ದಿನಾನ ಬಂದಬಿಡ್ರಿ, ಟೀಚರ್."

ಟೀಚರ್! ಆ ಪದ ಕಿವಿಗೆ ಬಿದ್ದದ್ದೇ ದಾಕ್ಷಾಯಿಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಖುಷಿಗಂತೂ ಪಾರವೇ ಇರಲಿಲ್ಲ. ಶಿಷ್ಯೆಯ ಮಾತು ಒಂಚೂರು ಚುಚ್ಚಿತ್ತು ನಿಜ. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದು ಬಾಗಿಲಿನತ್ತ ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಕಸ್ತೂರಿಯವರು ಬಾಗಿಲಿಗೆ ಅಡ್ಡ ನಿಂತರು.

"ಎಲ್ಲಿ ಹೊಂಟ್ರಿ ಮಾಸ್ತರ? ಹೆಂಡ್ತಿ ಹೇಳಿದ್ಲು. ನಿಮ್ಮ ಪಾಳಿ?"

"ದಾಕ್ಷಾಯಿಣಿ," ಎಂದೆ ಥಟ್ಟನೆ.

"ಹಂಗ ಬರೇ ಹೆಸರು ನಡಿಯೂದಿಲ್ಲ. ಒಡಪು ಹಾಕ್ರಿ, ಬಾಗಿಲಾ ಬಿಡ್ತೇನಿ."

ಅದೇನು ಮಹಾ! "ಹಾಲು ಬೆಳ್ಳಗ..." ಎಂದು ಶುರುಮಾಡಿದೆ. ಹಾಲು ಬೆಳ್ಳಗಿರುವುದು ಎಲ್ಲರಿಗೂ ಗೊತ್ತು, ಹೊಸದೇನು ಎಂದು ಒಳಗಿನ ಮಾಸ್ತರ ಗೆರೆ ಹೊಡೆದ. "ಆಕಾಶದಾಗ ಚಂದ್ರ..." ಎಂದೆ. ದಾಕ್ಷಾಯಿಣಿಗೆ ಪ್ರಾಸ ಎಲ್ಲಿದೆ ಎಂದು ಅದಕ್ಕೂ ಗೆರೆ ಹೊಡೆದ. ಬಾಯಿಗೆ ಬಂದ ಒಂದೊಂದು ಸಾಲೂ ಹಲ್ಲು ದಾಟುವ ಮೊದಲೇ ಫೇಲಾಗುತ್ತಿತ್ತು. ಮೈಯೆಲ್ಲ ಬೆವರಿತು. ಪರೀಕ್ಷೆಗೆಂದು ಬಂದಿದ್ದ ಇತರ ಹೆಣ್ಣುಮಕ್ಕಳೆಲ್ಲ ಕಿಟಕಿಗೆ ಮುತ್ತಿದರು. ದಾಕ್ಷಾಯಿಣಿಯೇ ಕನಿಕರಪಟ್ಟು ನನ್ನ ಕಿವಿಯಲ್ಲಿ ಒಂದು ಒಡಪು ಪಿಸುಗುಟ್ಟಿದಳು. ನಾನು ಉತ್ಸಾಹದಿಂದ ಒದರಿದೆ:

"ಕಲ್ಲೋಳಿ ಸಂತ್ಯಾಗ ಕೊಂಡೆ ಕರಿಮಣಿ,
ನಮ್ಮ ಮನಿ ಬೆಳಕು ದಾಕ್ಷಾಯಿಣಿ!"

"ಕಾಪಿ ಹೊಡಿಯೂದು ನಡಿಯೂದಿಲ್ಲರಿ ಸರ್," ಎಂದಳು ಆಮ್ರಪಾಲಿ. "ಸ್ವಂತ ವಾಕ್ಯದಾಗ ಹೇಳ್ರಿ."

ಹೊರಗೆ ಗೋಕಾಕದ ಬಸ್ಸು ಹಾರ್ನ್ ಹೊಡೆಯಿತು. ದಾಕ್ಷಾಯಿಣಿ ಬ್ಯಾಗು ಹೆಗಲಿಗೇರಿಸಿದಳು. ಕಸ್ತೂರಿಯವರು ಅವಳಿಗೆ ಮಾತ್ರ ದಾರಿ ಬಿಟ್ಟು, ಮತ್ತೆ ಅಡ್ಡ ನಿಂತರು.

"ನಾ ಮುಂದ ಹೋಗಿರ್ತೇನ್ರಿ," ಎಂದಳು ಹೊಸ ಟೀಚರಮ್ಮ. "ನೀವು ಪಾಸಾದ ಮ್ಯಾಲ ಬರ್ರಿ."