ಏಳು ತಿಂಗಳ ಗರ್ಭಿಣಿ ಡ್ರೈವರು

ಶಾಲೆ ಬಸ್ಸಿನ ಡ್ರೈವರಿಗೆ ಪರೋಪಕಾರದ ಚಟವಿತ್ತು. ವಠಾರದಲ್ಲಿ ಯಾರು ಸೀನಿದರೂ ಆಸ್ಪತ್ರೆಗೆ ಕರೆದೊಯ್ಯುವವನು ಅವನೇ, ಸಾಲಿನಲ್ಲಿ ನಿಂತು ಚೀಟಿ ಬರೆಸುವವನೂ ಅವನೇ. ಫೋನ್ ನಂಬರು ಕೇಳಿದರೆ ತನ್ನದನ್ನೇ ಹೇಳಿಬಿಡುತ್ತಿದ್ದ. ಬಾಯಿಪಾಠ ಇದ್ದದ್ದು ಅದೊಂದೇ.

ಆ ದಿನ ಸಂಜೆ ಐದರೊಳಗೆ ಅವನು ಶಾಲೆಗೆ ಫಿಟ್‌ನೆಸ್ ಸರ್ಟಿಫಿಕೇಟು ಕೊಡಬೇಕಿತ್ತು. ಇಲ್ಲದಿದ್ದರೆ ನಾಳೆಯಿಂದ ಬಸ್ಸಿಗೆ ಬೇರೆಯವನು. ಬೆಳಿಗ್ಗೆ ಹತ್ತೂವರೆಗೇ ಹೋದರೆ, ಆಸ್ಪತ್ರೆಯ ದಾಖಲೆ ವಿಭಾಗದವಳು ಪರದೆ ನೋಡಿ ಹುಬ್ಬೇರಿಸಿದಳು.

"ನಿಮಗೆ ಏಳು ತಿಂಗಳು ತುಂಬಿದೆ."

"ಯಾವುದಕ್ಕೆ?"

"ಗರ್ಭಕ್ಕೆ."

ಹಳೆಯ ಚೀಟಿಗಳನ್ನೆಲ್ಲ ಒಂದುಗೂಡಿಸಲು ಹೊಸ ವ್ಯವಸ್ಥೆ ಬಂದಿತ್ತು. ಒಂದೊಂದು ಚೀಟಿಗೆ ಒಂದೊಂದು ಚುಕ್ಕೆ, ಹೊಂದಿಕೆ ಕಂಡಲ್ಲೆಲ್ಲ ಗೆರೆ. ಪರದೆಯ ತುಂಬ ಜೇಡರ ಬಲೆ, ನಟ್ಟನಡುವೆ ಡ್ರೈವರ ಫೋನ್ ನಂಬರು. ಆ ಬಲೆಯನ್ನೋದಿ ಎಐ ಸೊಗಸಾದ ಭಾಷೆಯಲ್ಲಿ ವರದಿ ಬರೆದಿತ್ತು: 'ಐವತ್ತೆರಡರ ಈ ಗರ್ಭಿಣಿಗೆ ಎಡಗಣ್ಣಿನಲ್ಲಿ ಪೊರೆ, ಆಗಾಗ ಮೂರ್ಛೆ. ಹಾಲುಹಲ್ಲು ಹುಳುಕಾಗಿದೆ. ವಾಹನ ಓಡಿಸಬಾರದು. ಸದಾ ಸಂತೋಷವಾಗಿರಬೇಕು.'

"ಮೇಡಂ, ನನ್ನ ಮೀಸೆ ನೋಡಿ ಹೇಳಿ."

"ಮೀಸೆಗೆ ಇದರಲ್ಲಿ ಜಾಗ ಇಲ್ಲ. ಅವರವರ ಕಾಯಿಲೆ ಅವರವರೇ ಬಂದು ಒಪ್ಪಿಕೊಂಡ್ರೆ ಬೇರೆ ಮಾಡ್ಬಹುದು."

"ಕರ್ಕೊಂಡು ಬರ್ತೀನಿ. ಊರವರ ಕಾಯಿಲೆ ಹೊತ್ಕೊಂಡು ನಾನು ಬಸ್ ಬಿಟ್ಕೊಡೋನಲ್ಲ."

ವಠಾರದವರನ್ನು ಹೊರಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ದಾರಿಯುದ್ದಕ್ಕೂ ಮನೆ ಓನರಮ್ಮನ ವಿಚಾರಣೆ: "ಹೊಟ್ಟೆ ಕಾಣೋದೇ ಇಲ್ವಲ್ಲಪ್ಪ. ಹುಳಿ ತಿನ್ಬೇಕು ಅನ್ಸುತ್ತಾ?"

ಟೈಲರನ ಹೆಂಡತಿ ಗರ್ಭ ವಾಪಸು ಪಡೆದಳು. ಓನರಮ್ಮ ಪೊರೆಯನ್ನು, ಅವರ ಮೊಮ್ಮಗಳು ಹಲ್ಲನ್ನು ಪಡೆದರು. ಉಳಿದದ್ದು ಮೂರ್ಛೆ. ಅದರ ಒಡೆಯ, ಸಲೂನಿನವನು, ಮೂಲೆಯಲ್ಲಿ ಉಗುರು ನೋಡಿಕೊಳ್ಳುತ್ತ ನಿಂತಿದ್ದ.

"ಗೊತ್ತಾದ್ರೆ ನನ್ನ ಕತ್ತಿ ಕೆಳಗೆ ಯಾರು ಕುತ್ತಿಗೆ ಇಡ್ತಾರೆ? ನೀನೇ ಇಟ್ಕೋ ಅಣ್ಣ, ನಿಂಗೇನು ಭಾರ."

ಗಂಟೆ ನಾಲ್ಕೂವರೆ. ಡ್ರೈವರ ತಾಳ್ಮೆ ಕಿತ್ತುಹೋಯಿತು.

"ಹೋದ ವರ್ಷ ನೀನು ಬಿದ್ದಾಗ ಹೊತ್ಕೊಂಡು ಬಂದೋನು ನಾನು. ಬೆನ್ನು ಉಳುಕಿದ್ದು ನಂದು, ಮೂರ್ಛೆ ನಿಂದು. ತಗೋ ಮರ್ಯಾದೆಯಾಗಿ!"

ಆ ಕೂಗಿಗೆ ಮಲಗಿದ್ದ ರೋಗಿಗಳು ಎದ್ದು ಕೂತರು. ಸಲೂನಿನವನು ತಲೆ ತಗ್ಗಿಸಿ ಸಹಿ ಹಾಕಿದ. ಗೆರೆಗಳು ಒಂದೊಂದಾಗಿ ಅಳಿದು, ಪರದೆಯ ಮೇಲೆ ಒಂದೇ ಒಂದು ಚುಕ್ಕೆ ಉಳಿಯಿತು. ಒಂದು ಕಾಯಿಲೆಯೂ ಇಲ್ಲದ ಚುಕ್ಕೆ. ಡ್ರೈವರು ಎದೆಯುಬ್ಬಿಸಿಕೊಂಡು ಡಾಕ್ಟರ ಮುಂದೆ ಕೂತ.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ನಂಬಿಕೆಯಾಗದೆ ಮತ್ತೊಮ್ಮೆ ಒತ್ತಿದರು.

"ಬಿಪಿ ಇನ್ನೂರು ದಾಟಿದೆ. ಯಾವಾಗಿಂದ ಇದೆ ಇದು?"

"ಬೆಳಿಗ್ಗೆ ಹತ್ತೂವರೆಯಿಂದ."

"ಇದನ್ನ ಇಟ್ಕೊಂಡು ಮಕ್ಕಳ ಬಸ್ ಓಡಿಸೋ ಹಾಗಿಲ್ಲ. ಒಂದು ತಿಂಗಳು ಬಿಟ್ಟು ಬನ್ನಿ."

ಹೊರಗೆ ಸಲೂನಿನವನು ಚೀಟಿ ಇಣುಕಿ ನೋಡಿ ಕರಗಿಹೋದ. "ನನ್ನಿಂದ ಹೀಗಾಯ್ತು ಅಣ್ಣ. ಬೇಕಾದ್ರೆ ಈ ಬಿಪಿನೂ ನನ್ನ ಹೆಸರಿಗೆ ಬರೆಸ್ಕೊಳ್ತೀನಿ."

"ಮುಟ್ಟಬೇಡ," ಎಂದ ಡ್ರೈವರು, ಚೀಟಿಯನ್ನು ಎದೆಗವಚಿಕೊಂಡು. "ಇದು ನಾನು ಕಷ್ಟಪಟ್ಟು ಸಂಪಾದಿಸಿದ್ದು."